ಕೆಲಸದ ನಡುವಿನ ಗ್ಯಾಪ್: ಇಂಟರ್‌ವ್ಯೂನಲ್ಲಿ ಏನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು?

ಹೊಸಹೆಜ್ಜೆ:

ರೆಸ್ಯೂಮೆಯಲ್ಲಿ 14 ತಿಂಗಳ ಗ್ಯಾಪ್ ಇದೆ ಅಂದುಕೊಳ್ಳಿ. ಮೊದಲ ಐದು ತಿಂಗಳು ಮನೆಯಲ್ಲಿ ಹಿರಿಯರ ಆರೈಕೆ, ಉಳಿದ ಒಂಬತ್ತು ತಿಂಗಳು ಹುಡುಕಿದರೂ ಕೆಲಸ ಸಿಕ್ಕಿಲ್ಲ. ಹೀಗೆ ಎರಡು ಕಾರಣ ಒಂದರ ಹಿಂದೆ ಒಂದು ಬಂದಾಗ ಇಂಟರ್‌ವ್ಯೂನಲ್ಲಿ ಹೇಗೆ ಹೇಳಬೇಕು? ಅವರು ಕೇಳುವ ಮೊದಲೇ ನಾವು ಹೇಳಿಬಿಡಬೇಕೋ, ಕೇಳಿದ ಮೇಲೆ ಹೇಳಬೇಕೋ? ಆರೈಕೆಯ ಭಾಗ ಹೇಳುವುದು ಸುಲಭ, ಆದರೆ 'ಸಿಗಲಿಲ್ಲ' ಅನ್ನುವುದಕ್ಕೆ ನಾಲಿಗೆ ಏಳುವುದಿಲ್ಲ. ತಿಂಗಳು ಬಿಟ್ಟು ಬರೀ ವರ್ಷ ಬರೆಯಿರಿ ಅಂತಲೂ ಕೆಲವರು ಹೇಳುತ್ತಾರೆ. ಅದು ನಡೆಯುತ್ತದೆಯೇ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ನೇಮಕಾತಿಮೇಜು:

ಮೊದಲು ಈ ಪ್ರಶ್ನೆ ಯಾಕೆ ಬರುತ್ತದೆ ಅಂತ ನೋಡೋಣ. 'ಈ ಅವಧಿಯಲ್ಲಿ ಏನು ಮಾಡ್ತಿದ್ರಿ?' ಅಂತ ಕೇಳುವವರ ತಲೆಯಲ್ಲಿ ಮೂರು ಅನುಮಾನ ಇರುತ್ತವೆ. ಕೆಲಸ ಬಿಡಲು ಕಾರಣವಾದದ್ದು ಮುಗಿದಿದೆಯೇ, ಇಲ್ಲ ಸೇರಿದ ಮೂರನೇ ತಿಂಗಳಿಗೆ ಮತ್ತೆ ಎದುರಾಗುತ್ತದೆಯೇ? ಕೈಗೆ ಕೆಲಸದ ರೂಢಿ ಉಳಿದಿದೆಯೇ? ಹೇಳಿದ ತಾರೀಕುಗಳು ಪರಿಶೀಲನೆಯಲ್ಲಿ ನಿಲ್ಲುತ್ತವೆಯೇ? ನಿಮ್ಮ ಉತ್ತರ ಈ ಮೂರನ್ನು ಮುಟ್ಟಿದರೆ ಸಾಕು. ನಿಮ್ಮ ಕಷ್ಟ ಎಷ್ಟಿತ್ತು ಅಂತ ಅಳೆಯಲು ಅವರು ಕೂತಿಲ್ಲ.

ನಾಲ್ಕು ವಾಕ್ಯ, 45ರಿಂದ 60 ಸೆಕೆಂಡ್. ಮೊದಲನೆಯದರಲ್ಲಿ ಯಾವಾಗಿನಿಂದ, ಯಾಕೆ. ಎರಡನೆಯದರಲ್ಲಿ ಅದು ಮುಗಿದ ವಿಷಯ. ಮೂರನೆಯದರಲ್ಲಿ ಕೈ ಚಾಲ್ತಿಯಲ್ಲಿದೆ ಅನ್ನುವುದಕ್ಕೆ ಒಂದೇ ಒಂದು ಗುರುತು. ನಾಲ್ಕನೆಯದರಲ್ಲಿ ಈ ಹುದ್ದೆ. ಲೆಕ್ಕಪತ್ರ ವಿಭಾಗದ ಹುದ್ದೆ ಅಂದುಕೊಂಡರೆ ಹೀಗೆ ಬರುತ್ತದೆ:

'2024ರ ಮಾರ್ಚ್‌ನಿಂದ ಐದು ತಿಂಗಳು ಮನೆಯಲ್ಲಿ ಹಿರಿಯರೊಬ್ಬರ ಆರೈಕೆಗೆ ನಿಂತೆ. ಜುಲೈ ಕೊನೆಗೆ ಆ ಜವಾಬ್ದಾರಿ ಪೂರ್ತಿ ಮುಗಿಯಿತು, ಆಗಸ್ಟ್‌ನಿಂದ ಕೆಲಸ ಹುಡುಕುತ್ತಿದ್ದೇನೆ. ಈ ನಡುವೆ ಬ್ಯಾಂಕ್ ಲೆಕ್ಕ ತಾಳೆ ನೋಡುವುದನ್ನು ಎಕ್ಸೆಲ್‌ನ ಪವರ್ ಕ್ವೆರಿಯಲ್ಲಿ ಮಾಡಲು ಕಲಿತು ಒಂದು ಮಾದರಿ ಕಡತ ಮಾಡಿದ್ದೇನೆ, ಬೇಕಾದರೆ ತೋರಿಸುತ್ತೇನೆ. ನಿಮ್ಮ ಹುದ್ದೆಯ ವಿವರದಲ್ಲೂ ಅದೇ ಕೆಲಸ ಮೊದಲ ಸಾಲಿನಲ್ಲಿದೆ, ಹಿಂದಿನ ಕಡೆ ಆರು ಖಾತೆಗಳ ತಾಳೆ ನಾನೇ ನೋಡುತ್ತಿದ್ದೆ.'

ನಾಲ್ಕನೆಯ ವಾಕ್ಯ ಬಿಟ್ಟವರೇ ಹೆಚ್ಚು. ಅದಿಲ್ಲದಿದ್ದರೆ ಮಾತು ಗ್ಯಾಪ್ ಮೇಲೆಯೇ ನಿಲ್ಲುತ್ತದೆ, ಮುಂದಿನ ಪ್ರಶ್ನೆಯೂ ಅಲ್ಲಿಂದಲೇ ಹುಟ್ಟುತ್ತದೆ. ಅದಿದ್ದರೆ ಮುಂದಿನ ಪ್ರಶ್ನೆ ಆ ಆರು ಖಾತೆಗಳ ಬಗ್ಗೆ ಬರುತ್ತದೆ.

ಮೊದಲೇ ಹೇಳಬೇಕೋ ಬೇಡವೋ ಅನ್ನುವುದು ಗ್ಯಾಪ್ ಈಗಿನದೋ ಹಳೆಯದೋ ಅನ್ನುವುದರ ಮೇಲಿದೆ. ಈಗಲೂ ನಡೆಯುತ್ತಿದ್ದು ಆರು ತಿಂಗಳು ದಾಟಿದ್ದರೆ 'ನಿಮ್ಮ ಬಗ್ಗೆ ಹೇಳಿ' ಅಂದಾಗ ಪರಿಚಯದ ಕೊನೆಗೆ ಮೊದಲ ಎರಡು ವಾಕ್ಯ ಸೇರಿಸಿಬಿಡಿ. ಎರಡು ಕೆಲಸಗಳ ನಡುವಿನ ಹಳೆಯ ಗ್ಯಾಪ್ ಆದರೆ ಕೇಳುವ ತನಕ ಎತ್ತಬೇಡಿ.

ಕಡತಪರಿಶೀಲಕಿ:

ನೇಮಕಾತಿಮೇಜು ಹೇಳಿದ ಮೂರನೇ ಅನುಮಾನದ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಒಳ್ಳೆಯ ಅಭ್ಯರ್ಥಿಗಳು ಎಡವುವುದು ಇಲ್ಲಿ.

ಮಾತು ಜೋಡಿಸುವ ಮೊದಲು ತಾರೀಕು ಜೋಡಿಸಿಕೊಳ್ಳಿ. ಒಂದು ಹಾಳೆಯಲ್ಲಿ ಪ್ರತಿ ಕೆಲಸಕ್ಕೂ ನಾಲ್ಕು ತಾರೀಕು ಬರೆಯಿರಿ: ಸೇರಿದ ದಿನ, ರಾಜೀನಾಮೆ ಕೊಟ್ಟ ದಿನ, ಕೊನೆಯ ಕೆಲಸದ ದಿನ, ರಿಲೀವಿಂಗ್ ಲೆಟರ್ ಕೊಟ್ಟ ದಿನ. ಈ ನಾಲ್ಕು ಒಂದೇ ಆಗಿರುವುದಿಲ್ಲ. ಇಂಟರ್‌ವ್ಯೂನಲ್ಲಿ ಒಂದನ್ನು, ಅರ್ಜಿಯಲ್ಲಿ ಇನ್ನೊಂದನ್ನು, ಆನ್‌ಲೈನ್ ಪ್ರೊಫೈಲ್‌ನಲ್ಲಿ ಮೂರನೆಯದನ್ನು ಹಾಕಿದರೆ ಬಿಜಿವಿ (ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್, ಅಂದರೆ ಹಿಂದಿನ ಕೆಲಸದ ವಿವರಗಳ ಪರಿಶೀಲನೆ) ಮಾಡುವವರಿಗೆ ಮೂರು ಬೇರೆ ಬೇರೆ ಉತ್ತರ ಸಿಗುತ್ತದೆ. ಎಲ್ಲ ಕಡೆ ಹಾಕಬೇಕಾದದ್ದು ಲೆಟರ್‌ನಲ್ಲಿರುವ ಕೊನೆಯ ಕೆಲಸದ ದಿನ. ಮೇಲಿನ ಉದಾಹರಣೆಯಲ್ಲಿ ಅದು 2024ರ ಫೆಬ್ರವರಿ 29. ಲೆಟರ್ ಏಪ್ರಿಲ್‌ನಲ್ಲಿ ಕೈಗೆ ಬಂತು, ಬಾಕಿ ಹಣವೂ ಆಗಲೇ ಜಮಾ ಆಯಿತು ಅಂತ ಏಪ್ರಿಲ್ ಬರೆದರೆ ಅದು ತಪ್ಪು ತಾರೀಕು.

ಸಾಮಾನ್ಯವಾಗಿ ಕೆಡುವ ಜಾಗಗಳು ಇವು. ನೋಟಿಸ್ ಪೀರಿಯಡ್‌ನ ಹಣ ಕಟ್ಟಿ ಬೇಗ ಹೊರಬಂದವರು ನೋಟಿಸ್ ಮುಗಿಯಬೇಕಿದ್ದ ದಿನವನ್ನು ಬರೆಯುತ್ತಾರೆ. ಏಜೆನ್ಸಿ ಮೂಲಕ ಕೆಲಸ ಮಾಡಿದವರು ಕೂತು ಕೆಲಸ ಮಾಡಿದ ಕಂಪನಿಯ ಹೆಸರು ಬರೆಯುತ್ತಾರೆ, ಸಂಬಳ ಕೊಟ್ಟದ್ದು ಏಜೆನ್ಸಿ. ಪರಿಶೀಲಿಸುವವರು ಕೇಳಿದಾಗ 'ಆ ಹೆಸರಿನವರು ನಮ್ಮಲ್ಲಿ ನೌಕರರಾಗಿ ಇರಲಿಲ್ಲ' ಅಂತ ಉತ್ತರ ಹೋಗುತ್ತದೆ, ಇಡೀ ಅನುಭವವೇ ಗ್ಯಾಪ್ ಆಗಿ ಕಾಣುತ್ತದೆ. ಎರಡೂ ಹೆಸರು ಬರೆಯಿರಿ: ಸಂಬಳ ಕೊಟ್ಟವರು ಯಾರು, ಕೆಲಸ ಮಾಡಿದ್ದು ಯಾರಿಗಾಗಿ. ಮುಚ್ಚಿಹೋದ ಅಥವಾ ಇನ್ನೊಂದರಲ್ಲಿ ಲೀನವಾದ ಕಂಪನಿಗೆ ಕಳಿಸಿದ ಮೇಲ್ ವಾಪಸ್ ಬರುತ್ತದೆ. ಆಫರ್ ಲೆಟರ್, ಮೊದಲ ಮತ್ತು ಕೊನೆಯ ಪೇಸ್ಲಿಪ್, ಸಂಬಳ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್ ಇಷ್ಟನ್ನು ಮೊದಲೇ ಒಂದು ಕಡೆ ಇಟ್ಟುಕೊಳ್ಳಿ.

ಕೆಲವು ದಿನಗಳ ವ್ಯತ್ಯಾಸ ಬಂದರೆ ಸಾಮಾನ್ಯವಾಗಿ ವಿವರಣೆ ಕೇಳುತ್ತಾರೆ, ಮುಗಿಯುತ್ತದೆ. ಗ್ಯಾಪ್ ಮುಚ್ಚಲು ಹಳೆಯ ಕೆಲಸವನ್ನು ನಾಲ್ಕು ತಿಂಗಳು ಎಳೆದದ್ದು ಗೊತ್ತಾದರೆ ಆಫರ್ ವಾಪಸ್ ಹೋಗಬಹುದು. ಪರಿಶೀಲನೆ ಎಷ್ಟೋ ಸಲ ಸೇರಿದ ಮೇಲೆಯೂ ನಡೆಯುತ್ತದೆ, ಆಗ ಸೇರಿದ ಕೆಲಸವೇ ಹೋಗುತ್ತದೆ. ಅಡಿಕೆಗೆ ಹೋದ ಮಾನ ಅನ್ನುವುದು ಇದಕ್ಕೇ.

ಸಾಲುದೀಪ:

ತಾರೀಕು ತಿದ್ದಬಾರದು, ಒಪ್ಪಿದೆ. ಆದರೆ ತಾರೀಕನ್ನೇ ಬರೆಯದೆ ಅನುಭವದ ಉದ್ದ ಬರೆಯುವ ಪದ್ಧತಿಗೆ ಒಳ್ಳೆಯ ಆಧಾರ ಇದೆ. ಬ್ರಿಟನ್‌ನಲ್ಲಿ 9,000ಕ್ಕೂ ಹೆಚ್ಚು ಅರ್ಜಿಗಳನ್ನು ಕಳಿಸಿ ಒಂದು ಪ್ರಯೋಗ ಮಾಡಿದ್ದರು. '2015–2019' ಅಂತ ಬರೆಯುವ ಬದಲು '4 ವರ್ಷ' ಅಂತ ಬರೆದ ರೆಸ್ಯೂಮೆಗಳಿಗೆ ಹೆಚ್ಚು ಕರೆ ಬಂದವು. ಮಕ್ಕಳ ಪಾಲನೆಗೆ ಕೆಲಸ ಬಿಟ್ಟವರು ಕಾರಣ ವಿವರಿಸಿ ಬರೆದ ರೆಸ್ಯೂಮೆಗಿಂತಲೂ ಇದು ಚೆನ್ನಾಗಿ ನಡೆಯಿತು. ಓದುವವರ ಕಣ್ಣು ಕ್ಯಾಲೆಂಡರ್ ಬಿಟ್ಟು ಅನುಭವದ ಮೇಲೆ ಹೋಗುತ್ತದೆ ಅನ್ನುವುದು ಅದರ ತಿರುಳು. ಹಾಗಾಗಿ ಬರೀ ವರ್ಷ ಬರೆಯುವುದಕ್ಕಿಂತ ಇದು ಮೇಲು. ಬರೀ ವರ್ಷ ಬರೆದಾಗ '2022–2024, 2025ರಿಂದ' ಅಂತ ಇದ್ದರೆ ಅನುಭವ ಇರುವ ಎಚ್‌ಆರ್ ಮೊದಲು ಕೇಳುವುದೇ 'ತಿಂಗಳು ಯಾವುದು?' ಅಂತ.

ಕಡತಪರಿಶೀಲಕಿ:

ರೆಸ್ಯೂಮೆಗೆ ಅದು ಸರಿ, ನನ್ನ ತಕರಾರಿಲ್ಲ. ರೆಸ್ಯೂಮೆಯಲ್ಲಿ ಏನಿರಬೇಕು ಅನ್ನುವುದು ನಿಮ್ಮ ಆಯ್ಕೆ. ಅರ್ಜಿ ನಮೂನೆ ಬೇರೆ, ಅದರ ಕೆಳಗೆ 'ಮೇಲಿನ ಮಾಹಿತಿ ಸತ್ಯ' ಅಂತ ಸಹಿ ಇರುತ್ತದೆ. ಅಲ್ಲಿ ತಿಂಗಳು ಕೇಳಿದರೆ ತಿಂಗಳು, ದಿನ ಕೇಳಿದರೆ ದಿನ. ಇನ್ನೊಂದು, ಅನುಭವದ ಉದ್ದ ಬರೆಯುವಾಗ ಕೂಡಿಸಿ ನೋಡಿ. 3 ವರ್ಷ 8 ತಿಂಗಳನ್ನು '4 ವರ್ಷ' ಮಾಡಬೇಡಿ. ಇಂಟರ್‌ವ್ಯೂನಲ್ಲಿ ತಾರೀಕು ಕೇಳಿದಾಗ ತಡವರಿಸದೆ ತಿಂಗಳ ಸಮೇತ ಹೇಳಲು ಬರಬೇಕು. ತಡವರಿಸಿದರೆ ಉದ್ದ ಬರೆದದ್ದೇ ಮುಚ್ಚುಮರೆಗೆ ಅಂತ ಆಗುತ್ತದೆ.

ಅಂಕಿಗಣ್ಣು:

ಹೊಸಹೆಜ್ಜೆಯವರೇ, ಆರೈಕೆ ಹೇಳಲು ಸುಲಭ, 'ಸಿಗಲಿಲ್ಲ' ಕಷ್ಟ ಅಂದಿರಿ. ಎದುರು ಕೂತವರ ಕಡೆಯಿಂದ ನೋಡಿದರೆ ಹಾಗಿಲ್ಲ. ಮೂರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ.

ಅಮೆರಿಕದ 100 ದೊಡ್ಡ ನಗರಗಳಲ್ಲಿ ಸುಮಾರು 3,000 ಹುದ್ದೆಗಳಿಗೆ 12,000ದಷ್ಟು ಕಾಲ್ಪನಿಕ ರೆಸ್ಯೂಮೆ ಕಳಿಸಿ ಮಾಡಿದ ಅಧ್ಯಯನ 2013ರಲ್ಲಿ ಬಂತು. ಕೆಲಸವಿಲ್ಲದ ಅವಧಿ ಬೆಳೆದಂತೆ ಕರೆ ಕಡಿಮೆಯಾಗುತ್ತದೆ, ಆದರೆ ಆ ಇಳಿತ ಬಹುಪಾಲು ಮೊದಲ ಎಂಟು ತಿಂಗಳಲ್ಲೇ ಮುಗಿದುಹೋಗುತ್ತದೆ. ಆಮೇಲೆ ಗೆರೆ ಹೆಚ್ಚುಕಡಿಮೆ ಮಟ್ಟಸ. ಅಂದರೆ 14 ತಿಂಗಳನ್ನು 9 ಅಂತ ತೋರಿಸಿದರೆ ಸಿಗುವ ಲಾಭ ಅಷ್ಟಕ್ಕಷ್ಟೇ, ಸಿಕ್ಕಿಬಿದ್ದರೆ ನಷ್ಟ ಪೂರ್ತಿ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ಕೆಲಸದ ಮಾರುಕಟ್ಟೆ ಕುಸಿದಿರುವ ಊರುಗಳಲ್ಲಿ ಈ ಇಳಿತ ಕಡಿಮೆ. ಎಲ್ಲರಿಗೂ ಕಷ್ಟವಿದ್ದಾಗ ಒಬ್ಬರನ್ನು ಅನುಮಾನಿಸುವುದಿಲ್ಲ. ನಿಮ್ಮ ಕ್ಷೇತ್ರದಲ್ಲೇ ನೇಮಕಾತಿ ನಿಂತಿದ್ದರೆ ಅದನ್ನು ಅರ್ಧ ವಾಕ್ಯದಲ್ಲಿ ಹೇಳಿ, ಅದು ನೆಪವಲ್ಲ.

ಸ್ವೀಡನ್‌ನ 2014ರ ಅಧ್ಯಯನದಲ್ಲಿ, ಈಗ ಒಂಬತ್ತು ತಿಂಗಳು ಅಥವಾ ಹೆಚ್ಚು ಕೆಲಸವಿಲ್ಲದಿದ್ದರೆ ಕಡಿಮೆ ಮತ್ತು ಮಧ್ಯಮ ಕೌಶಲದ ಹುದ್ದೆಗಳಲ್ಲಿ ಕರೆ ಕಡಿಮೆಯಾಯಿತು. ಹಿಂದೆ ಯಾವಾಗಲೋ ಗ್ಯಾಪ್ ಇದ್ದು ಆಮೇಲೆ ಕೆಲಸ ಮಾಡಿದ್ದವರಿಗೆ ಅದರಿಂದ ತೊಂದರೆ ಕಾಣಲಿಲ್ಲ. ಐದು ವರ್ಷ ಹಿಂದಿನ ಗ್ಯಾಪ್‌ಗೆ ಎರಡು ನಿಮಿಷದ ವಿವರಣೆ ತಯಾರಿಸುವವರು ಆ ಸಮಯವನ್ನು ಬೇರೆಯದಕ್ಕೆ ಕೊಡಬಹುದು.

ಮೂರನೆಯದು 2018ರದು, ಇದೂ ಅಮೆರಿಕದ್ದು. ಮಕ್ಕಳನ್ನು ನೋಡಿಕೊಳ್ಳಲು ತಾವಾಗಿ ಕೆಲಸ ಬಿಟ್ಟವರಿಗೆ, ಕೆಲಸ ಕಳೆದುಕೊಂಡು ಅಷ್ಟೇ ಕಾಲ ಹೊರಗಿದ್ದವರಿಗಿಂತಲೂ ಕಡಿಮೆ ಕರೆ ಬಂದವು. ಇದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೊತ್ತಿದ್ದರೆ ಉತ್ತರ ಕಟ್ಟಲು ಅನುಕೂಲ. 'ಸಿಗಲಿಲ್ಲ' ಅಂದಾಗ ಇವರಿಗೆ ಕೆಲಸ ಬೇಕಿದೆ ಅನ್ನುವುದು ಸ್ಪಷ್ಟ. 'ಮನೆಗಾಗಿ ಬಿಟ್ಟೆ' ಅಂದಾಗ 'ಮತ್ತೆ ಬಿಡುತ್ತಾರೋ' ಅನ್ನುವ ಅನುಮಾನ ಬಾಗಿಲು ತೆರೆದುಕೊಂಡೇ ಇರುತ್ತದೆ. ಬಾಗಿಲು ಹಾಕುವುದು ಆ ಎರಡನೆಯ ವಾಕ್ಯ. ನಿಮ್ಮ ಉತ್ತರದಲ್ಲಿ ಹೆಚ್ಚು ಜತನ ಬೇಕಾದದ್ದು ಆರೈಕೆಯ ಐದು ತಿಂಗಳಿಗೆ.

ಹೊಸಹೆಜ್ಜೆ:

ಇದು ಯೋಚಿಸಿರಲಿಲ್ಲ. ಆದರೆ ಆರೈಕೆ ಪೂರ್ತಿ ಮುಗಿಯದೆ ಇದ್ದರೆ? 'ಮುಗಿಯಿತು' ಅನ್ನುವುದು ಸುಳ್ಳಾಗುತ್ತದಲ್ಲ? ಒಂಬತ್ತು ತಿಂಗಳಿನ ವಾಕ್ಯವನ್ನೂ ದಯವಿಟ್ಟು ಮಾತಿನಲ್ಲೇ ಬರೆದು ತೋರಿಸಿ.

ನೇಮಕಾತಿಮೇಜು:

ಮುಗಿಯದಿದ್ದರೆ ಮುಗಿಯಿತು ಅನ್ನಬೇಡಿ, ಏರ್ಪಾಟು ಹೇಳಿ. 'ಹಗಲು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿದ್ದೇವೆ, ಕಚೇರಿಯ ಸಮಯಕ್ಕೆ ತೊಂದರೆ ಇಲ್ಲ.' ಇಷ್ಟೇ. ತಿಂಗಳಿಗೊಂದು ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿದ್ದರೆ ಅದನ್ನು ಮೊದಲ ಸುತ್ತಿನಲ್ಲಿ ಹೇಳಬೇಕಿಲ್ಲ, ಆಫರ್ ಬಂದ ಮೇಲೆ ಸಹಿಗೆ ಮೊದಲು ಮಾತಾಡಿ ಬರಹದಲ್ಲಿ ತೆಗೆದುಕೊಳ್ಳಿ.

ಈಗ ಒಂಬತ್ತು ತಿಂಗಳು. ಸಾಮಾನ್ಯವಾಗಿ ಬಾಯಿಗೆ ಬರುವುದು ಹೀಗೆ: 'ತುಂಬಾ ಕಡೆ ಅಪ್ಲೈ ಮಾಡಿದೆ ಸರ್, ಎಲ್ಲೂ ಆಗಲಿಲ್ಲ, ಮಾರ್ಕೆಟ್ ಸರಿ ಇಲ್ಲ, ಕೆಲವರು ಕರೆದು ಆಮೇಲೆ ಉತ್ತರಾನೇ ಕೊಡಲಿಲ್ಲ.' ಒಂದೊಂದನ್ನೇ ನೋಡಿ. 'ತುಂಬಾ ಕಡೆ' ಅಂದರೆ ಯಾವ ಕೆಲಸವಾದರೂ ಸರಿ ಅಂತ ಹೊರಟಂತೆ ಕೇಳುತ್ತದೆ. 'ಎಲ್ಲೂ ಆಗಲಿಲ್ಲ' ಅನ್ನುವುದು ಬೇರೆಯವರ ತೀರ್ಮಾನವನ್ನು ಇವರ ಕೈಗೆ ಕೊಟ್ಟ ಹಾಗೆ. 'ಮಾರ್ಕೆಟ್ ಸರಿ ಇಲ್ಲ' ನಿಜವಿರಬಹುದು, ಆದರೆ ಒಂಟಿಯಾಗಿ ನಿಂತರೆ ದೂರು. ಕೊನೆಯದು ಬೇಡವೇ ಬೇಡ, ಎದುರು ಕೂತವರೂ ನೇಮಕಾತಿಯವರೇ.

ಅದನ್ನೇ ಹೀಗೆ ಹೇಳಬಹುದು: 'ಆಗಸ್ಟ್‌ನಿಂದ ಲೆಕ್ಕ ತಾಳೆ ಮತ್ತು ಮಾಸಿಕ ವರದಿಯ ಹುದ್ದೆಗಳಿಗೆ ಮಾತ್ರ ಹಾಕುತ್ತಿದ್ದೇನೆ. ಈ ಸಲ ನೇಮಕಾತಿ ನಿಧಾನವಿದೆ, ಎರಡು ಕಡೆ ಕೊನೆಯ ಸುತ್ತಿನವರೆಗೆ ಹೋಗಿದ್ದೆ.' ಎರಡನೆಯ ಭಾಗ ನಿಜವಿದ್ದರೆ ಮಾತ್ರ. ಕೊನೆಯ ಸುತ್ತು ಮುಟ್ಟಿಲ್ಲವಾದರೆ ಆ ಜಾಗದಲ್ಲಿ ಮಾದರಿ ಕಡತದ ಮಾತು ಬರಲಿ. 'ಸಿಗಲಿಲ್ಲ' ಅನ್ನುವ ಪದವನ್ನು ನುಂಗಬೇಕಾಗಿಲ್ಲ, 'ಹುಡುಕುತ್ತಿದ್ದೇನೆ' ಅನ್ನುವುದರಲ್ಲೇ ಅದು ಇದೆ.

ಆಮೇಲೆ ನಿಲ್ಲಿಸಿ. ಉತ್ತರ ಮುಗಿದ ಮೇಲೆ ಎದುರಿನವರು ಏನೋ ಬರೆದುಕೊಳ್ಳುತ್ತಾ ಐದಾರು ಸೆಕೆಂಡ್ ಸುಮ್ಮನಿರುತ್ತಾರೆ. ಆ ಮೌನ ತುಂಬಲು ಹೋಗಿಯೇ ಅರ್ಧ ಜನ ಕೆಡಿಸಿಕೊಳ್ಳುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಕೇಳದ ಸಮಜಾಯಿಷಿ ಹೊರಬರುತ್ತದೆ.

ತಿಳಿನೀರು:

ಆರೋಗ್ಯದ ಕಾರಣಕ್ಕೆ ಗ್ಯಾಪ್ ಆದವರಿಗೆ: ಕಾಯಿಲೆಯ ಹೆಸರು ಹೇಳುವ ಅಗತ್ಯವಿಲ್ಲ. 'ಆರೋಗ್ಯದ ಕಾರಣ ಬಿಡುವು ತೆಗೆದುಕೊಂಡಿದ್ದೆ, ಈಗ ಈ ಹುದ್ದೆಯ ಕೆಲಸ ಪೂರ್ತಿ ಮಾಡಬಲ್ಲೆ' ಅಂದರೆ ಸಾಕು. ಮಾನಸಿಕ ಆರೋಗ್ಯಕ್ಕೂ ಇದೇ ವಾಕ್ಯ, ಒಂದು ಅಕ್ಷರವೂ ಬದಲಾಗುವುದು ಬೇಡ. ಆಫರ್‌ಗೆ ಮೊದಲು ಈ ಬಗ್ಗೆ ಕೇಳುವುದಕ್ಕೆ ಕೆಲವು ದೇಶಗಳಲ್ಲಿ ಕಾನೂನಿನ ಮಿತಿಯೇ ಇದೆ. ಅಮೆರಿಕದಲ್ಲಿ ಅಂಗವಿಕಲರ ಹಕ್ಕುಗಳ 1990ರ ಎಡಿಎ ಕಾನೂನು, ಬ್ರಿಟನ್‌ನಲ್ಲಿ 2010ರ ಸಮಾನತಾ ಕಾಯ್ದೆಯ 60ನೇ ಸೆಕ್ಷನ್. ಯಾರಾದರೂ ಒತ್ತಿ ಕೇಳಿದರೆ ಜಗಳ ಬೇಡ: 'ಅದು ಮುಗಿದ ವಿಷಯ, ಕೆಲಸಕ್ಕೆ ಅಡ್ಡಿಯಿಲ್ಲ. ಈ ಹುದ್ದೆಯಲ್ಲಿ ಪಾಳಿ ಅಥವಾ ಪ್ರಯಾಣ ಎಷ್ಟಿರುತ್ತದೆ ಹೇಳಿ, ಅದರ ಪ್ರಕಾರ ಉತ್ತರಿಸುತ್ತೇನೆ.' ಪ್ರಶ್ನೆ ಮೈಯಿಂದ ಕೆಲಸಕ್ಕೆ ಹೊರಳುತ್ತದೆ.

ದಾರಿಬುತ್ತಿ:

ಕೆಲಸದಿಂದ ತೆಗೆದಿದ್ದರೆ ಏನು ಮಾಡಬೇಕು ಅಂತ ಯಾರೂ ಎತ್ತಿಲ್ಲ. ಲೇ ಆಫ್ ಮತ್ತು ಟರ್ಮಿನೇಷನ್ ಎರಡನ್ನೂ ಒಂದೇ ಉಸಿರಿಗೆ 'ಕೆಲಸ ಹೋಯಿತು' ಅನ್ನಬೇಡಿ. ಲೇ ಆಫ್ ಆದರೆ ತೆಗೆದದ್ದು ಹುದ್ದೆಯನ್ನು, ಅದನ್ನು ಸಂಖ್ಯೆಯ ಸಮೇತ ಹೇಳಿ: 'ನಮ್ಮ ತಂಡದ 12 ಜನರಲ್ಲಿ 7 ಹುದ್ದೆ ರದ್ದಾದವು, ನನ್ನದೂ ಒಂದು.' ಒಂದು ಸಂಖ್ಯೆ ಇದ್ದರೆ ಅದು ನಿಮ್ಮೊಬ್ಬರ ಮಾತು ಅನ್ನುವ ಭಾವ ಹೋಗುತ್ತದೆ.

ಟರ್ಮಿನೇಷನ್ ಆದರೆ ರಾಜೀನಾಮೆ ಅಂತ ಹೇಳಬೇಡಿ, ಪರಿಶೀಲನೆಯಲ್ಲಿ 'ಬಿಟ್ಟ ಕಾರಣ' ಅನ್ನುವ ಕಲಂ ಇರುತ್ತದೆ. ಮೂರು ತುಂಡಿನಲ್ಲಿ ಹೇಳಿ: ಏನು ಆಯಿತು, ನನ್ನ ಪಾಲು ಎಷ್ಟು, ಆಮೇಲೆ ಏನು ಬದಲಿಸಿದೆ. 'ಮೂರು ತಿಂಗಳ ಗುರಿಯಲ್ಲಿ ಹಿಂದೆ ಬಿದ್ದೆ, ತಡವಾಗುತ್ತಿದೆ ಅಂತ ಮೊದಲೇ ತಿಳಿಸದೆ ಇದ್ದದ್ದು ನನ್ನ ತಪ್ಪು. ಈಗ ವಾರಕ್ಕೊಮ್ಮೆ ಬರಹದಲ್ಲಿ ಸ್ಥಿತಿ ಕಳಿಸುವ ರೂಢಿ ಮಾಡಿಕೊಂಡಿದ್ದೇನೆ.' ಹಳೆಯ ಮ್ಯಾನೇಜರ್ ಬಗ್ಗೆ ಒಂದು ಮಾತೂ ಬೇಡ, ಅವರದೇ ತಪ್ಪಿದ್ದರೂ ಸರಿ.

ಸ್ವಂತ ವ್ಯವಹಾರ ಮಾಡಿ ಮುಚ್ಚಿದವರದು ಗ್ಯಾಪ್ ಅಲ್ಲವೇ ಅಲ್ಲ. ಕೆಲಸದ ಸಾಲಿನಲ್ಲೇ ಬರೆಯಿರಿ, ಗ್ರಾಹಕರು ಎಷ್ಟು, ಏನು ಮಾರಿದಿರಿ ಅಂತ ಸಮೇತ. ಅವರಿಗೆ ಬರುವ ಅನುಮಾನ ಬೇರೆ: 'ಇನ್ನೊಬ್ಬರ ಕೈಕೆಳಗೆ ಹೊಂದಿಕೊಳ್ಳುತ್ತೀರಾ?' ಉತ್ತರ ಅದಕ್ಕೆ ತಯಾರಿರಲಿ. ಗ್ರಾಹಕರೇ ಇಲ್ಲದೆ 'ಫ್ರೀಲ್ಯಾನ್ಸ್' ಅಂತ ಗ್ಯಾಪ್‌ಗೆ ಹೆಸರಿಡಬೇಡಿ. 'ಒಂದು ಕೆಲಸ ತೋರಿಸಿ' ಅಂದರೆ ಅಲ್ಲಿಗೆ ಕಥೆ ಮುಗಿಯಿತು.

ಅಭ್ಯಾಸ ಹೀಗೆ ಮಾಡಿ. ಉತ್ತರವನ್ನು ಬರೆದು ಬಾಯಿಪಾಠ ಮಾಡಬೇಡಿ. ನಾಲ್ಕು ವಾಕ್ಯಕ್ಕೆ ನಾಲ್ಕು ಪದ ಬರೆದುಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ. 60 ಸೆಕೆಂಡ್ ದಾಟಿದರೆ ಕತ್ತರಿಸಬೇಕಾದದ್ದು ಮೊದಲ ವಾಕ್ಯದಿಂದ, ಉಬ್ಬುವುದು ಯಾವಾಗಲೂ ಕಾರಣದ ಭಾಗವೇ. 'ಆಕ್ಚುಲಿ', 'ಏನಂದ್ರೆ' ಎಷ್ಟು ಸಲ ಬಂತು ಎಣಿಸಿ, ಅದು ತಾರೀಕು ಗಟ್ಟಿ ಇಲ್ಲದ ಜಾಗದಲ್ಲೇ ಬರುತ್ತದೆ. ಮೂರು ದಿನ, ದಿನಕ್ಕೆ ಮೂರು ಸಲ ಸಾಕು. ಅದಕ್ಕಿಂತ ಹೆಚ್ಚಾದರೆ ಒಪ್ಪಿಸಿದ ಹಾಗೆ ಕೇಳುತ್ತದೆ.

ಸಾಲುದೀಪ:

ಮೂರನೆಯ ವಾಕ್ಯದ ಬಗ್ಗೆ ಒಂದು ಮಾತು. ಹತ್ತು ಆನ್‌ಲೈನ್ ಸರ್ಟಿಫಿಕೇಟ್ ಸಾಲಾಗಿ ಹೇಳುವುದಕ್ಕಿಂತ ತೆರೆದು ತೋರಿಸಬಹುದಾದ ಒಂದು ಕಡತ ತೂಕದ್ದು. ಸರ್ಟಿಫಿಕೇಟ್ ಹೇಳಲೇಬೇಕಿದ್ದರೆ ಹುದ್ದೆಯ ವಿವರದಲ್ಲಿ ಹೆಸರಿರುವ ಒಂದೋ ಎರಡೋ. ಲಿಂಕ್ಡ್‌ಇನ್‌ನಲ್ಲಿ 2022ರಿಂದ ಅನುಭವದ ಭಾಗದಲ್ಲೇ 'ಕರಿಯರ್ ಬ್ರೇಕ್' ಸೇರಿಸುವ ಅವಕಾಶ ಇದೆ. ಆರಂಭಿಸಿದಾಗ ಆರೈಕೆ, ಆರೋಗ್ಯ, ಲೇ ಆಫ್ ಸೇರಿ 13 ಬಗೆ ಕೊಟ್ಟಿದ್ದರು. ಅಲ್ಲಿ ಹಾಕುವ ತಿಂಗಳು ಮತ್ತು ಕಡತಪರಿಶೀಲಕಿ ಹೇಳಿದ ಹಾಳೆಯ ತಿಂಗಳು ಒಂದೇ ಇರಲಿ.

ಹೊಸಹೆಜ್ಜೆ:

ಎಲ್ಲರಿಗೂ ಧನ್ಯವಾದ. ಕೊನೆಯದಾಗಿ ಎರಡು. ಗ್ಯಾಪ್ ಇದೆ ಅಂತ ಸಂಬಳ ಕಡಿಮೆ ಮಾಡಲು ಹೊರಟರೆ? ಅರ್ಜಿ ನಮೂನೆಯಲ್ಲಿ 'ಗ್ಯಾಪ್‌ಗೆ ಕಾರಣ' ಅಂತ ಒಂದು ಸಣ್ಣ ಚೌಕ ಇರುತ್ತದಲ್ಲ, ಒಂದು ಸಾಲಷ್ಟೇ ಹಿಡಿಯುತ್ತದೆ, ಅದರಲ್ಲಿ ಏನು ಬರೆಯುವುದು?

ನೇಮಕಾತಿಮೇಜು:

ಸಂಬಳದ ಮಾತಿನಲ್ಲಿ ಗ್ಯಾಪ್ ಅನ್ನು ನೀವಾಗಿ ತರಬೇಡಿ. 'ಗ್ಯಾಪ್ ಇರುವುದರಿಂದ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ' ಅಂತ ಯಾರೂ ಕೇಳದೆ ಹೇಳಿದರೆ ಅದೇ ಮೊದಲ ಅಂಕಿ ಆಗಿಬಿಡುತ್ತದೆ. ಅವರು ಎತ್ತಿದರೆ 'ಈ ಹುದ್ದೆಗೆ ನೀವು ಇಟ್ಟಿರುವ ಮಿತಿ ಎಷ್ಟು?' ಅಂತ ಕೇಳಿ, ನಿಮ್ಮ ಅಂಕಿ ಆ ಮಿತಿಯ ಒಳಗೆ ಎಲ್ಲಿ ಕೂರುತ್ತದೆ ಅನ್ನುವುದನ್ನು ಅನುಭವದ ವರ್ಷದ ಮೇಲೆ ಹೇಳಿ. ಕಡಿಮೆಗೆ ಒಪ್ಪಲೇಬೇಕಾದ ಸ್ಥಿತಿ ಇದ್ದರೆ ಆರು ತಿಂಗಳ ನಂತರ ಪರಿಷ್ಕರಣೆ ಅನ್ನುವುದು ಆಫರ್ ಲೆಟರ್‌ನಲ್ಲೇ ಬರಲಿ, ಬಾಯಿಮಾತು ಬೇಡ.

ಕಡತಪರಿಶೀಲಕಿ:

ಚೌಕಕ್ಕೆ: 'ಮಾರ್ಚ್–ಜುಲೈ 2024 ಕುಟುಂಬದ ಆರೈಕೆ, ಆಗಸ್ಟ್ 2024ರಿಂದ ಉದ್ಯೋಗ ಹುಡುಕಾಟ.' 'ವೈಯಕ್ತಿಕ ಕಾರಣ' ಅಂತ ಮಾತ್ರ ಬರೆದರೆ ಕಡತ ನೋಡುವವರು ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಕಳಿಸುತ್ತಾರೆ, ಖಾಲಿ ಬಿಟ್ಟರೆ ಅರ್ಜಿ ಅಪೂರ್ಣ ಅಂತ ಪಕ್ಕಕ್ಕಿಡುತ್ತಾರೆ. ಕಳಿಸುವ ಮೊದಲು ತುಂಬಿದ ನಮೂನೆಯ ಒಂದು ಪ್ರತಿ ಉಳಿಸಿಕೊಂಡು ಇಂಟರ್‌ವ್ಯೂ ದಿನ ಬೆಳಿಗ್ಗೆ ಒಮ್ಮೆ ಓದಿ. ಎದುರಿನವರ ಮೇಜಿನ ಮೇಲೆ ಇರುವುದು ಅದೇ ಹಾಳೆ.